ಹೊಳಿ ಜಗಳದಾಗ ಹುಟ್ಟಿದ ಪದಗಳು

ಪದದ ಬುತ್ತಿ | ಐದು ತುಣುಕು. ಸೇವ್ ಮಾಡಿಟ್ಟುಕೊಂಡು ಬಸ್ಸಿನಾಗ ಓದ್ರಿ.

1/5
ಪರೀಕ್ಷೆಗೆ ಓದೋ ನಮಗೆಲ್ಲಾ ಎರಡು ಅಂಜಿಕಿ. ಒಂದು, ಇಂಗ್ಲಿಷಿನ ದೊಡ್ಡ ದೊಡ್ಡ ಪದ. ಇನ್ನೊಂದು, ಅಮೆರಿಕದ ಇತಿಹಾಸ. ನಾನು ಇವೆರಡನ್ನೂ ಒಂದೇ ನೋಟ್‌ಬುಕ್ಕಿನಾಗ ಕೂಡಿಸಿ ಓದಾಕತ್ತೀನಿ. ಎಡಗಡೆ ಪುಟದಾಗ ಅಮೆರಿಕ, ಬಲಗಡೆ ಪುಟದಾಗ ನಮ್ಮ ವಿಜಯಪುರ ಜಿಲ್ಲೆ. ಎರಡೂ ಪುಟದ ನೆತ್ತಿ ಮ್ಯಾಲ ಒಂದೇ ಪದ.

ಯಾಕ ಹಿಂಗ ಅಂತೀರಿ? ಆ ಪದಗಳು ನಮ್ಮೂರಿಗೆ ಆಗಲೇ ಬಂದು ಕುಂತಾವ. ಬಾಗೇವಾಡಿ ತಾಲೂಕಿನ ನಮ್ಮ ಮುತ್ಯಾ ಕಲಿತದ್ದು ನಾಲ್ಕನೇ ಇಯತ್ತೆ. ಆದ್ರ ಗುಡಿ ಕಟ್ಟಿ ಮ್ಯಾಲ ಮಾತಿಗೆ ಕುಂತ್ರ 'ನೋಟಿಫಿಕೇಶನ್', 'ಟ್ರಿಬ್ಯುನಲ್', 'ಬ್ಯಾಕ್‌ವಾಟರ್', 'ಅವಾರ್ಡ್' ಎಲ್ಲಾ ಸಲೀಸಾಗಿ ಬರ್ತಾವ. ನಾವು ಡಿಗ್ರಿ ಓದೋರು ಇವನ್ನ 'ಅಡ್ವಾನ್ಸ್ಡ್ ವೊಕ್ಯಾಬುಲರಿ' ಅಂತೀವಿ. ಅವರಿಗೆ ಇವು ಹೊಲ ಹೋದ ದಿನದ ಪದಗಳು.

2/5
ಎಡಗಡೆ ಪುಟ. ಅಮೆರಿಕದ ಸಂವಿಧಾನದ ಕಥಿ ಎಲ್ಲಿಂದ ಶುರು ಆಗ್ತೈತಿ ಗೊತ್ತೇನು? ಒಂದು ಹೊಳಿ ತಂಟೆಯಿಂದ.

ಪೊಟೊಮ್ಯಾಕ್ ನದಿಯ ಒಂದು ದಂಡಿಗೆ ಮೇರಿಲ್ಯಾಂಡ್, ಇನ್ನೊಂದು ದಂಡಿಗೆ ವರ್ಜೀನಿಯಾ. ದೋಣಿ ಯಾರವು ಓಡಬೇಕು, ಮೀನು ಯಾರು ಹಿಡೀಬೇಕು, ಸುಂಕ ಯಾರು ವಸೂಲಿ ಮಾಡಬೇಕು, ದೀಪಸ್ತಂಭದ ಖರ್ಚು ಯಾರು ಕೊಡಬೇಕು? 1785ರ ಮಾರ್ಚ್‌ನಲ್ಲಿ ಎರಡೂ ರಾಜ್ಯದ ಪ್ರತಿನಿಧಿಗಳು ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವೆರ್ನನ್ ಮನೆಯಲ್ಲಿ ಕೂತು 13 ಕಲಮಿನ ಒಪ್ಪಂದ ಮಾಡಿಕೊಂಡರು. ಆ ಒಪ್ಪಂದಕ್ಕ ಇಂಗ್ಲಿಷಿನಾಗ 'ಕಾಂಪ್ಯಾಕ್ಟ್' ಅಂತಾರ. ಲ್ಯಾಟಿನ್ ಮೂಲದಾಗ ಇದರ ಅರ್ಥ 'ಕೂಡಿ ಮಾಡಿಕೊಂಡ ಕರಾರು'. ಕಾಂಪ್ಯಾಕ್ಟ್ ಕಾರ್ ಅಂದ್ರ ಬ್ಯಾರೆ ಲ್ಯಾಟಿನ್ ಪದದಿಂದ ಬಂದದ್ದು, ಬಿಗಿಯಾಗಿ ಕೂಡಿಸಿದ್ದು ಅಂತ ಅರ್ಥ. ಬರೆಯೂದು ಒಂದೇ ಥರ, ಅರ್ಥ ಎರಡು ನೋಡ್ರಿ.

ಇಬ್ಬರು ಕೂತು ಮಾತಾಡಿದ್ದು ಫಲ ಕೊಟ್ಟಿತು. ಹಂಗಾದ್ರ ಎಲ್ಲಾರೂ ಯಾಕ ಕೂಡಬಾರದು ಅಂತ 1786ರಲ್ಲಿ ಅನ್ನಾಪೊಲಿಸ್‌ಗೆ ಕರೆ ಹೋಯಿತು. ಬಂದದ್ದು ಐದೇ ರಾಜ್ಯದ 12 ಮಂದಿ. ಅವರೇ ಮತ್ತೊಂದು ದೊಡ್ಡ ಸಭೆಗೆ ಕರೆ ಕೊಟ್ಟರು. ಆ ಸಭೆಯೇ 1787ರ ಫಿಲಡೆಲ್ಫಿಯಾ. ಅಲ್ಲಿ ಬರೆದದ್ದೇ ಸಂವಿಧಾನ.

ಬಲಗಡೆ ಪುಟ. ಇಂಡಿ, ಸಿಂದಗಿಯವರೇ, ನಿಮ್ಮ ಕಡೆ ಭೀಮಾ. ಇಂಡಿ ಕಡೆಯಿಂದ ಹೊಳಿ ದಾಟಿದ್ರ ಸೊಲ್ಲಾಪುರ ಜಿಲ್ಲೆ, ಬ್ಯಾರೆ ರಾಜ್ಯ. ಮುದ್ದೇಬಿಹಾಳದವರೇ, ನಿಮಗೂ ನಮಗೂ ಕೃಷ್ಣಾ. ರಾಜ್ಯ ರಾಜ್ಯದ ನಡುವಿನ ನೀರಿನ ಜಗಳಕ್ಕ ನಮ್ಮ ಸಂವಿಧಾನದ 262ನೇ ವಿಧಿ ಐತಿ, 1956ರ ಕಾಯ್ದೆ ಐತಿ. ಕೃಷ್ಣಾದ ಮೊದಲ ಟ್ರಿಬ್ಯುನಲ್ ಆಗಿದ್ದು 1969ರಲ್ಲಿ. ಪೊಟೊಮ್ಯಾಕ್ ಕಥಿ ನಮಗ ಪರದೇಶದ್ದು ಅನ್ನಸೂದಿಲ್ಲ. ಹೊಳಿ ದಂಡಿಯ ಮಂದಿಗೆ ಅದು ತಿಳಿದ ಜಗಳ.

3/5
ಇನ್ನ 'ರ‍್ಯಾಟಿಫೈ'. ಡಿಕ್ಷನರಿ 'ಅನುಮೋದಿಸು' ಅಂತೈತಿ. ಓದಿದ್ವಿ, ಮರೆತ್ವಿ. ಕಥಿ ಒಳಗಿಟ್ಟು ನೋಡ್ರಿ, ಮರೆಯೂದಿಲ್ಲ.

1787ರ ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ಅವತ್ತಿನಿಂದ ಸಂವಿಧಾನ ಜಾರಿ ಆತೇನು? ಇಲ್ಲ. ಕನಿಷ್ಠ ಒಂಬತ್ತು ರಾಜ್ಯ 'ರ‍್ಯಾಟಿಫೈ' ಮಾಡಬೇಕಿತ್ತು. ಒಂಬತ್ತನೆಯದಾಗಿ ನ್ಯೂ ಹ್ಯಾಂಪ್‌ಶೈರ್ ಒಪ್ಪಿದ್ದು 1788ರ ಜೂನ್ 21ಕ್ಕೆ. ಎಲ್ಲರಿಗಿಂತ ಕೊನೆಗೆ ರೋಡ್ ಐಲ್ಯಾಂಡ್, 1790ರಲ್ಲಿ. ಅಂದ್ರ ಸೈನ್ ಆಗೂದು ಒಂದು ಮೆಟ್ಟಿಲು, ರ‍್ಯಾಟಿಫೈ ಆಗೂದು ಇನ್ನೊಂದು ಮೆಟ್ಟಿಲು.

ಈಗ ಆಲಮಟ್ಟಿಗೆ ಬರ್ರಿ. ಎರಡನೇ ಟ್ರಿಬ್ಯುನಲ್ 2010ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. 519.60 ಮೀಟರ್ ಇದ್ದ ನೀರಿನ ಮಟ್ಟವನ್ನ 524.256 ಮೀಟರಿಗೆ ಏರಿಸಬಹುದು ಅಂತ ಅದರಾಗ ಐತಿ. 'ತೀರ್ಪು ಬಂತಲ್ಲಾ, ಇನ್ನೇನು?' ಅಂತ ಕೇಳೋರಿಗೆ ಉತ್ತರ ಒಂದೇ ಪದದಾಗ ಐತಿ: 'ನೋಟಿಫೈ'. ಟ್ರಿಬ್ಯುನಲ್ ತೀರ್ಪು ಗೆಜೆಟ್‌ನಲ್ಲಿ ಪ್ರಕಟ ಆದ ಮ್ಯಾಲೇ ಅದಕ್ಕ ಬಲ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕಟಣೆಯನ್ನ ತಡೆಹಿಡಿಯಿತು. ಆಮ್ಯಾಲ ವರ್ಷಗಟ್ಟಲೆ ನಮ್ಮ ಮಂದಿ ಕಾದದ್ದು ಈ ಒಂದು ಮೆಟ್ಟಿಲಿಗೆ.

ಪದ ಗೊತ್ತಿದ್ದರ ಕೆಲಸ ಯಾವ ಮೆಟ್ಟಿಲ ಮ್ಯಾಲ ನಿಂತೈತಿ ಅಂತ ಗೊತ್ತಾಗ್ತೈತಿ. ಗೊತ್ತಿಲ್ಲಂದ್ರ ಯಾರೋ 'ಎಲ್ಲಾ ಮುಗೀತು' ಅಂದ್ರ ನಂಬಬೇಕಾಗ್ತೈತಿ.

4/5
ಈ ತುಣುಕು ಅವಸರದಾಗ ಓದಬ್ಯಾಡ್ರಿ.

'ಅವಾರ್ಡ್' ಅಂದ್ರ ನಮಗ ಪ್ರಶಸ್ತಿ, ಶಾಲು, ಫೋಟೋ. ಮುತ್ಯಾಗ ಅವಾರ್ಡ್ ಅಂದ್ರ ಐತೀರ್ಪು: ನಿನ್ನ ಹೊಲಕ್ಕ ಇಷ್ಟು ರೊಕ್ಕ ಅಂತ ಅಧಿಕಾರಿ ಬರೆದ ತೀರ್ಮಾನ. ಮಜಾ ಏನಂದ್ರ, ಇಂಗ್ಲಿಷಿನಾಗೂ ಮುತ್ಯಾನ ಅರ್ಥವೇ ಹಳೇದು. ಚೆನ್ನಾಗಿ ನೋಡಿ ವಿಚಾರಿಸಿ ಕೊಟ್ಟ ತೀರ್ಪು ಅನ್ನೋದು ಮೊದಲು, ಬಹುಮಾನ ಅನ್ನೋದು ಆಮ್ಯಾಲ ಬಂದದ್ದು.

1894ರ ಭೂಸ್ವಾಧೀನ ಕಾಯ್ದೆ 2013ರ ಕೊನೆವರೆಗೂ ಜಾರಿಯಲ್ಲಿತ್ತು. ಅದರಾಗ ಒಂದು ಮಾತಿತ್ತು: ಪರಿಹಾರ ಕಡಿಮೆ ಅನ್ನಿಸಿದ್ರ ರೈತ ಕೋರ್ಟಿಗೆ ಕಳಿಸ್ರಿ ಅಂತ ಅರ್ಜಿ ಹಾಕಬಹುದು. ಆದ್ರ ರೊಕ್ಕ ತಗೊಳ್ಳುವಾಗ 'ಅಂಡರ್ ಪ್ರೊಟೆಸ್ಟ್' ತಗೊಂಡಿರಬೇಕು, ಅಂದ್ರ ತಕರಾರು ಇಟ್ಟುಕೊಂಡು. ಸುಮ್ಮನೆ ತಗೊಂಡ್ರ ಆ ಹಕ್ಕು ಹೋತು. ಅದಕ್ಕೂ ದಿನದ ಗಡುವು ಇತ್ತು.

ನಮ್ಮೂರಾಗ ಒಬ್ಬ ಮಾಸ್ತರು ಮನೀ ಮನೀಗೆ ಹೋಗಿ ಆ ಎರಡು ಪದ ಬರೆಸಿದರಂತ. ಬರೆದವರಿಗೆ ಕೋರ್ಟಿನ ಬಾಗಿಲು ತೆರೆದಿತ್ತು. ಬರೆಯದವರ ಮನೀ ಮಂದಿ ಇವತ್ತಿಗೂ ಆ ಮಾತು ಬಂದ್ರ ಗಪ್ ಆಗ್ತಾರ. ಮುತ್ಯಾ ಬರೆಸಿದಾಂವ. ಇವತ್ತಿಗೂ ಆ ಎರಡು ಪದ ಇಂಗ್ಲಿಷಿನಾಗ ತಾನೇ ಬರೀತಾನ, ಬ್ಯಾರೆ ಏನೂ ಬರಂಗಿಲ್ಲ.

ಎಡಗಡೆ ಪುಟ. ಫಿಲಡೆಲ್ಫಿಯಾದಲ್ಲಿ ಕೊನೆ ದಿನ ಮೂರು ಮಂದಿ ಸಹಿ ಹಾಕಲಿಲ್ಲ: ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್, ಎಲ್‌ಬ್ರಿಜ್ ಗೆರಿ. ಜನರ ಹಕ್ಕಿನ ಪಟ್ಟಿಯೇ ಇಲ್ಲ ಅನ್ನೋದು ಮೇಸನ್‌ರ ದೊಡ್ಡ ತಕರಾರು. 1788ರ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ 187–168 ಮತಗಳಿಂದ ಸಂವಿಧಾನ ಒಪ್ಪಿತು. ಆದ್ರ ಇಂತಿಂಥ ತಿದ್ದುಪಡಿ ಆಗಬೇಕು ಅಂತ ಪಟ್ಟಿ ಹಚ್ಚಿ ಒಪ್ಪಿತು. ಮುಂದೆ ಬ್ಯಾರೆ ರಾಜ್ಯಗಳೂ ಅದೇ ದಾರಿ ಹಿಡಿದವು. 1791ರಲ್ಲಿ ಮೊದಲ ಹತ್ತು ತಿದ್ದುಪಡಿ ಬಂದವು. ಅವೇ 'ಬಿಲ್ ಆಫ್ ರೈಟ್ಸ್'.

ಒಪ್ಪೂದು, ಆದ್ರ ತಕರಾರು ಬರೆದಿಟ್ಟು ಒಪ್ಪೂದು. ನಮ್ಮ ಮಾಸ್ತರು ಕಲಿಸಿದ್ದೂ ಅದನ್ನೇ.

'ಪ್ರೊಟೆಸ್ಟ್' ಪದದ ಬೇರು ಲ್ಯಾಟಿನ್ನಿನ 'ಸಾಕ್ಷಿ'. ಎಲ್ಲಾರ ಮುಂದ ಸಾಕ್ಷಿ ಹೇಳೂದು ಅಂತ ಅರ್ಥ. ಅದೇ ಮನೆತನದವು: ಟೆಸ್ಟಿಫೈ, ಟೆಸ್ಟಿಮೊನಿ, ಕಾಂಟೆಸ್ಟ್, ಅಟೆಸ್ಟ್. ಮಾರ್ಕ್ಸ್ ಕಾರ್ಡ್ 'ಅಟೆಸ್ಟ್' ಮಾಡಿಸಾಕ ಎಷ್ಟು ಅಡ್ಡಾಡೀರಿ? ಅದೂ ಸಾಕ್ಷಿನೇ. ಒಂದು ಬೇರು, ಐದು ಪದ.

5/5
ಕೊನೇ ಮಾತು. ಪದ ತೋರಸ್ತಾವ, ಮುಚ್ಚಿನೂ ಇಡ್ತಾವ. 1787ರ ಅಮೆರಿಕದ ಸಂವಿಧಾನದಾಗ 'ಗುಲಾಮ' ಅನ್ನೋ ಪದವೇ ಇಲ್ಲ. ಜನಸಂಖ್ಯೆ ಎಣಿಸುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಭಾಗ ಮಾತ್ರ ಹಿಡಿದರು, ಅಲ್ಲಿ ಬರೆದದ್ದು 'ಇತರ ವ್ಯಕ್ತಿಗಳು' ಅಂತ. ಗುಲಾಮಗಿರಿ ಅನ್ನೋ ಪದ ಅದರೊಳಗ ಮೊದಲು ಬಂದದ್ದು 1865ರಲ್ಲಿ, ಅದನ್ನ ರದ್ದು ಮಾಡುವ 13ನೇ ತಿದ್ದುಪಡಿಯಲ್ಲಿ. ಹಿಂಗ ಕಹಿ ವಿಷಯಕ್ಕ ಮೆತ್ತನ ಪದ ಹಾಕೂದಕ್ಕ 'ಯೂಫಮಿಸಂ' ಅಂತಾರ. ಅದಕ್ಕ ಯಾವ ಕಾಗದ ಓದಿದ್ರೂ ಎರಡು ಪ್ರಶ್ನೆ ಕೇಳ್ರಿ: ಇಲ್ಲಿ ಯಾವ ಪದ ಐತಿ? ಯಾವ ಪದ ಇರಬೇಕಿತ್ತು, ಆದ್ರ ಇಲ್ಲ?

ಈ ವಾರದ ಕೆಲಸ ಸಣ್ಣದು. ಮನ್ಯಾಗಿನ ಟ್ರಂಕು ತೆಗೀರಿ. ಹಳೇ ನೋಟಿಸು, ಉತಾರ, ಕೋರ್ಟ್ ಕಾಗದ ಏನಾರ ಸಿಗ್ತಾವ. ಅದರಾಗಿನ ಐದು ಇಂಗ್ಲಿಷ್ ಪದ ಬರ್ಕೊಳ್ರಿ. ಹಿರಿಯರನ್ನ ಕೇಳ್ರಿ, ಆಮ್ಯಾಲ ಡಿಕ್ಷನರಿ ನೋಡ್ರಿ. ಇದೇ ಕ್ರಮದಾಗ, ಉಲ್ಟಾ ಬ್ಯಾಡ.

ಮುಂದಿನ ಸರತಿ: 'ಜೆರಿಮ್ಯಾಂಡರ್'. ಸಹಿ ಹಾಕದ ಆ ಗೆರಿ ಸಾಹೇಬರ ಹೆಸರು 1812ರಲ್ಲಿ ಬೈಗುಳ ಆದ ಕಥಿ.

#ಪದದಬುತ್ತಿ #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ