ಓದಿಸುವ ಬಂದೂಕಿನ ಆಟ

ಗಣಕಯಂತ್ರದಲ್ಲಿ ಆಡತಕ್ಕ ಆಟಗಳಲ್ಲಿ ಒಂದು ಜಾತಿಗೆ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರು. ಇದನ್ನು ‘ಪ್ರಥಮ ಪುರುಷ’ನ ಆಟವೆಂದು ಕನ್ನಡಿಸಿದರೆ ವ್ಯಾಕರಣ ಒಪ್ಪದು. ನಮ್ಮಲ್ಲಿ ‘ಅವನು’ ಎಂಬುದು ಪ್ರಥಮ ಪುರುಷ. ‘ನಾನು’, ‘ನಾವು’ ಎಂಬುವು ಉತ್ತಮ ಪುರುಷ. ಈ ಆಟದಲ್ಲಾದರೋ ಆಡುವವನ ಮುಖವೇ ಕಾಣದು. ಕಾಣುವುದು ಅವನ ಕೈ, ಕೈಯಲ್ಲಿನ ಬಂದೂಕು, ಕಣ್ಣೆದುರಿನ ಓಣಿ. ಆದುದರಿಂದ ಇದು ಉತ್ತಮ ಪುರುಷನ ಆಟ.

ಈ ಜಾತಿಯ ‘ಡೂಮ್’ 1993ರ ಡಿಸೆಂಬರಿನಲ್ಲಿ ಹೊರಬಂದು ಲೋಕವನ್ನೇ ಮರುಳುಮಾಡಿತು. ಮರುವರ್ಷ ಅದೇ ತಿಂಗಳಲ್ಲಿ ಶಿಕಾಗೋ ನಗರದ ಬಂಜಿ ಎಂಬ ಸಣ್ಣ ಸಂಸ್ಥೆಯು ‘ಮ್ಯಾರಥಾನ್’ ಎಂಬ ಆಟವನ್ನು ಹೊರತಂದಿತು. ಡೂಮ್‌ನಲ್ಲಿಲ್ಲದ ಒಂದು ಅನುಕೂಲ, ಎಂದರೆ ತಲೆಯೆತ್ತಿ ಮೇಲೆಯೂ ತಗ್ಗಿಸಿ ಕೆಳಗೂ ನೋಡುವುದು, ಇದರಲ್ಲಿತ್ತು. ಆದರೆ ಇದು ನಡೆಯುತ್ತಿದ್ದುದು ಮ್ಯಾಕಿಂಟಾಷ್ ಯಂತ್ರದಲ್ಲಿ ಮಾತ್ರ. ಆ ಯಂತ್ರವಿದ್ದ ಮನೆಗಳೆಷ್ಟು! ಹೀಗಾಗಿ ಬಲ್ಲವರು ಕೊಂಡಾಡಿದರು. ಉಳಿದ ಲೋಕ ಕಾಣದೆಯೇ ಹೋಯಿತು.

ಕಥೆ ಕ್ರಿ. ಶ. 2794ರದು. ಮಂಗಳ ಗ್ರಹದ ಉಪಗ್ರಹವಾದ ಡೈಮಾಸನ್ನೇ ಕೊರೆದು ಮಾಡಿದ ಹಡಗೊಂದು, ನಮ್ಮಿಂದ ಸುಮಾರು 12 ಜ್ಯೋತಿರ್ವರ್ಷ ದೂರದ ಟೌ ಸೆಟಿ ನಕ್ಷತ್ರದ ಬಳಿ ಬಂದು ನಿಂತಿದೆ. ‘ಫೋರ್’ ಎಂಬ ಅನ್ಯಲೋಕದವರು, ಗುಲಾಮರನ್ನಾಗಿ ಮಾಡಿಕೊಂಡ ಇನ್ನೊಂದು ಕುಲವನ್ನು ಮುಂದಿಟ್ಟುಕೊಂಡು, ಅದರ ಮೇಲೆ ಬೀಳುವರು. ಹಡಗನ್ನು ನಡೆಸುವ ಯಂತ್ರಬುದ್ಧಿಗಳು ಮೂರು: ಲೀಲಾ, ಟೈಕೋ, ಡ್ಯುರಾಂಡಲ್. ಡ್ಯುರಾಂಡಲನಿಗೆ ಒಪ್ಪಿಸಿದ ಕೆಲಸಗಳಲ್ಲಿ ಮುಖ್ಯವಾದುದು ಬಾಗಿಲುಗಳನ್ನು ತೆರೆಯುವುದು, ಮುಚ್ಚುವುದು. ಅಷ್ಟು ಬುದ್ಧಿಯುಳ್ಳವನನ್ನು ಕದ ಕಾಯಲು ಹಚ್ಚಿದರೆ ಇನ್ನೇನಾದೀತು! ಅವನು ಒಡೆಯರ ಕೈಮೀರಿ ಸ್ವತಂತ್ರನಾಗುವನು, ಕುಹಕವಾಡುವನು, ಕಡೆಗೆ ಆ ಗುಲಾಮರ ಸಂಕೋಲೆ ಕಳಚಲೂ ನೆರವಾಗುವನು.

ಇವೆಲ್ಲವನ್ನೂ ತಿಳಿಯುವುದು ಹೇಗೆಂದರೆ, ಓದಿ! ಗೋಡೆಗಳಲ್ಲಿ ಅಲ್ಲಲ್ಲಿ ಟರ್ಮಿನಲ್‌ಗಳಿವೆ. ಬಂದೂಕನ್ನಿಳಿಸಿ, ಅವುಗಳ ಮುಂದೆ ನಿಂತು, ಹಸಿರು ಅಕ್ಷರಗಳ ಪುಟಗಳನ್ನು ತಿರುವಬೇಕು. ಓದದವನಿಗೆ ಮುಂದೇನು ಮಾಡಬೇಕೆಂಬುದೇ ತೋಚದು. ಓದಿಸುವುದನ್ನೇ ಕಸುಬಾಗಿಸಿಕೊಂಡ ನಮಗೆ ಈ ಆಟ ಹಿಡಿಸಿದ್ದರ ಗುಟ್ಟು ಇದೇ.

2000ದಲ್ಲಿ ಬಂಜಿಯು ಇದರ ಎರಡನೆಯ ಭಾಗದ ಮೂಲ ಕ್ರಮವಿಧಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದರಿಂದ ಅಭಿಮಾನಿಗಳು ‘ಅಲೆಫ್ ಒನ್’ ಎಂಬುದನ್ನು ಕಟ್ಟಿದರು. 2005ರಲ್ಲಿ ಮೂರು ಭಾಗಗಳೂ ಉಚಿತವಾದುವು. ಆದ್ದರಿಂದಲೇ ಆಲಸನತ್ತಂನ ನಮ್ಮ ಮನೆಯ ಮುದಿ ಲ್ಯಾಪ್‌ಟಾಪಿನಲ್ಲಿಯೂ ಇದು ಸರಾಗವಾಗಿ ನಡೆಯುತ್ತದೆ. ರಜೆಯ ದಿನ ಬೀದಿಯ ಮಕ್ಕಳು ಬಂದು ಕೂಡುವರು. ಬಂದೂಕು ನಮ್ಮ ಕೈಯಲ್ಲಿ; ಟರ್ಮಿನಲ್ ಬಂದಾಗ ಓದುವ ಸರದಿ ಅವರದು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಅವರು ಓದುವರು, ನಾವು ಕನ್ನಡದಲ್ಲಿ ಹೇಳುವೆವು. ತರಗತಿಯಲ್ಲಿ ಪುಸ್ತಕ ತೆರೆಯಲು ಆಕಳಿಸುವ ಹುಡುಗನೊಬ್ಬ ಇಲ್ಲಿ, “ಡ್ಯುರಾಂಡಲ್ ಏನಂದ ಮೇಷ್ಟ್ರೇ? ಬೇಗ ಹೇಳಿ!” ಎಂದು ಪೀಡಿಸುವನು.

ಈ ಹಡಗಿನ ಪಯಣ ಸುಮಾರು 300 ವರ್ಷಗಳದು. ಅದರಲ್ಲೇ ಹುಟ್ಟಿ ಬೆಳೆದವರಿಗೆ ‘ಬಾಬ್’ ಎಂಬ ಅಡ್ಡಹೆಸರಿದೆ. ಇದನ್ನು ಕೇಳಿ ಆ ಹುಡುಗನೇ, “ಹಾಗಾದರೆ ಅವರು ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು?” ಎಂದ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು ಕೇಳುವ ಹೊಸೂರಿನ ಹುಡುಗನಿಗಲ್ಲದೆ ಇನ್ನಾರಿಗೆ ಈ ಪ್ರಶ್ನೆ ಹೊಳೆದೀತು? ಗೋಡೆಯ ಹಸಿರು ಅಕ್ಷರಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. “ನೀನೇ ಬರೆದು ತಾ” ಎಂದೆವು. ಎರಡು ದಿನ ಬಿಟ್ಟು ಒಂದೂವರೆ ಪುಟ ಬರೆದು ತಂದ. ಅವನ ಬಾಬ್‌ಗಳು ಹಡಗಿನ ಒಡೆಯರೊಡನೆ ಒಂದು ಮಾತನ್ನೂ, ಅಜ್ಜಿಯೊಡನೆ ಇನ್ನೊಂದನ್ನೂ ಆಡುತ್ತಾರೆ.

ಈಗ ಮಕ್ಕಳೊಡನೆ 1995ರ ಎರಡನೆಯ ಭಾಗವನ್ನು ಆರಂಭಿಸಿರುವೆವು.