ಕಾಯಿಸದ ಸಾವಕಾರ

ಏಕಸ್ವಾಮ್ಯ ಎಂದರೇನೆಂದು ನಾವು ಪುಸ್ತಕ ಓದಿ ಕಲಿತವರಲ್ಲ. ತೊಂಬತ್ತರ ದಶಕದ ಭಾಲ್ಕಿಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿತ್ತು, ತಂತಿ ಪೂರಾ ಸರ್ಕಾರದ್ದು. ರಾತ್ರಿ ದರ ಇಳಿಯಲೆಂದು ಊಟ ಮುಗಿಸಿ ಪಾಳಿ ಹಚ್ಚುತ್ತಿದ್ದೆವು. ಗಾಜಿನ ಗೂಡಿನಲ್ಲಿ ನಿಂತವನ ಬಾಯಿ ಹೈದರಾಬಾದಿನ ಅಣ್ಣನ ಕಡೆ, ಕಣ್ಣು ಮಾತ್ರ ಓಡುವ ಕೆಂಪು ಅಂಕಿಗಳ ಕಡೆ. ಹೊರಗೆ ಕಾಯುವವರಿಗೆ ಯಾರ ಮಗಳ ಲಗ್ನ ಎಲ್ಲಿಗೆ ಬಂತೆಂಬುದು ಪುಕ್ಕಟೆ ತಿಳಿಯುತ್ತಿತ್ತು. ಎಲ್ಲರೂ ಕೂಡಿ ಇಲಾಖೆಯನ್ನು ಬೈಯುವುದೂ ಒಂದು ಸುಖವೇ.

ಈಗಿನ ದೊಡ್ಡವರು ಕಾಯಿಸುವುದೇ ಇಲ್ಲ. ಬೈಯಲು ಬಾಯಿ ಬರಬೇಕಲ್ಲ! ಔರಾದಿನ ಚಾದಂಗಡಿಯಲ್ಲಿ ಎರಡು ಸ್ಟಿಕ್ಕರ್. ಫೋನ್‌ಪೇಯ ನೇರಳೆ ಬಣ್ಣ ಬಿಸಿಲಿಗೆ ಮಾಸಿದೆ, ಗೂಗಲ್ ಪೇಯ ಮೂಲೆಗೆ ಸೆಲೋಟೇಪು. ಸಕ್ಕರೆ ಡಬ್ಬಿಯ ಪಕ್ಕದ ಸ್ಪೀಕರಿನಿಂದ ಕಿಚ್ಚ ಸುದೀಪ ಹತ್ತು ರೂಪಾಯಿ ಬಂತೆಂದು ಸಾರುತ್ತಾರೆ. ಖಳರ ಪಡೆಯನ್ನೇ ನಡುಗಿಸಿದ ಕಂಠಕ್ಕೆ ಒಂದು ಚಾದ ಲೆಕ್ಕ!

ದೇಶದ ಯುಪಿಐ ವಹಿವಾಟಿನಲ್ಲಿ ನೂರಕ್ಕೆ 80ರ ಆಸುಪಾಸು ಪಾಲು ಈ ಎರಡೇ ಆ್ಯಪ್‌ಗಳದು. ಒಂದಕ್ಕೆ ವಾಲ್‌ಮಾರ್ಟ್ ಒಡೆಯ, ಇನ್ನೊಂದಕ್ಕೆ ಗೂಗಲ್. ಯಾರಿಗೂ ನೂರಕ್ಕೆ 30ಕ್ಕಿಂತ ಹೆಚ್ಚು ಪಾಲು ಬೇಡವೆಂದು ಯುಪಿಐ ನಡೆಸುವ ಎನ್‌ಪಿಸಿಐ 2020ರಲ್ಲೇ ಹೇಳಿತು. ವಾಯಿದೆ ಮಾತ್ರ ಸಾಲಗಾರನ ಮಾತಿನಂತೆ ಜಾರುತ್ತ 2026ರ ಡಿಸೆಂಬರಿಗೆ ಬಂದಿದೆ. 2002ರ ಸ್ಪರ್ಧಾ ಕಾಯ್ದೆಗೆ ದೊಡ್ಡವನಾಗುವುದು ತಪ್ಪಲ್ಲ, ದೊಡ್ಡಸ್ತಿಕೆ ಚಲಾಯಿಸುವುದು ತಪ್ಪು. ಹಾಗೆ ಚಲಾಯಿಸಿದ್ದಕ್ಕೇ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 2022ರಲ್ಲಿ 1,337.76 ಕೋಟಿ ರೂಪಾಯಿ ದಂಡ ಬಿತ್ತು.

ಇದನ್ನೆಲ್ಲ ಚಾದಂಗಡಿಯ ಕಾಕಾಗೆ ಹೇಳಿದೆ. ಅವರು ಕೆಟಲ್ ಇಳಿಸದೆಯೇ, "ಯಾರ್ದರ ಇರ್ಲಿ ಬಿಡ್ರಿ. ಈ ಡಬ್ಬಿ ಬಂದ ಮ್ಯಾಲ ಉದ್ರಿ ಕೇಳೋರು ಕಮ್ಮಿ ಆಗ್ಯಾರ" ಎಂದರು. ನ್ಯಾಯಪೀಠಗಳಿಗೆ ಹೊಳೆಯದ ವಾದ ಇದು. ಉದ್ರಿ ಪುಸ್ತಕ ಮೂಲೆ ಸೇರಿದ್ದಕ್ಕೆ ನನಗೇನೋ ಬೇಜಾರು. ಅದರಲ್ಲಿ ಊರಿನ ಅರ್ಧ ಚರಿತ್ರೆ ಇತ್ತು.

ಆದರೂ ಬೂತಿನ ಕಾಲಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆಗ ಬೇರೆ ತಂತಿ ಇರಲಿಲ್ಲ. ಈಗ ತಂತಿ ಎಲ್ಲರದ್ದು. ಫೋನ್‌ಪೇ ಸ್ಟಿಕ್ಕರಿಗೆ ಯಾವ ಯುಪಿಐ ಆ್ಯಪ್ ಹಿಡಿದರೂ ದುಡ್ಡು ಹೋಗುತ್ತದೆ. ಎನ್‌ಪಿಸಿಐ ಕಟ್ಟಿದ ಭೀಮ್ 2016ರ ಡಿಸೆಂಬರಿನಿಂದಲೂ ಇದೆ. ಬೀದರಿನ ಗಾಂಧಿ ಗಂಜ್‌ನಲ್ಲಿ ತೊಗರಿ ಬೇಳೆ ಕೊಳ್ಳುವಾಗ ಒಮ್ಮೆ ಅದರಿಂದ ಹೊಡೆದು ನೋಡಿ. ನೂರಕ್ಕೆ 80ರಲ್ಲಿ ಅರ್ಧ ಪಾಲು ನಮ್ಮ ಹೆಬ್ಬೆರಳಿನ ರೂಢಿಯದು ಎಂಬುದು ನನ್ನ ತೀರ್ಪು, ಮೇಲ್ಮನವಿಗೆ ಅವಕಾಶವಿದೆ.