ಒಂದು ವರ್ಷದ ಆಜೀವ ನಿಷೇಧ

ಕಳೆದ ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಗೇಟು ದಡಾರನೆ ಸದ್ದು ಮಾಡಿತು. ಎಂಟನೇ ತರಗತಿಯ ಮೊಮ್ಮಗ ಶಾಲೆಯಿಂದ ಬಂದಿದ್ದ. ಫುಟ್‌ಬಾಲ್ ಬೂಟುಗಳನ್ನು ಬಿಚ್ಚಿದವನೇ ಒಂದನ್ನು ತುಳಸಿಕಟ್ಟೆಯ ಕಡೆಗೂ ಇನ್ನೊಂದನ್ನು ಬಾಳೆಗಿಡದ ಬುಡಕ್ಕೂ ಎಸೆದು, ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಸೊಸೆ ಎಷ್ಟು ಕರೆದರೂ ಊಟಕ್ಕೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಸಂಗತಿ ಹೊರಬಿತ್ತು. ಬೇರೆ ಶಾಲೆಯವರ ಜೊತೆ ಪಂದ್ಯವಿತ್ತಂತೆ. ಎದುರಾಳಿ ಹುಡುಗ ಇವನ ಅಂಗಿ ಹಿಡಿದು ಎಳೆದಿದ್ದಾನೆ. ಇವನು ತಿರುಗಿ ಎರಡೂ ಕೈಯಿಂದ ತಳ್ಳಿದ್ದಾನೆ. ಆ ಹುಡುಗ ಬಿದ್ದು ಮೊಣಕೈ ತರಚಿಕೊಂಡಿದ್ದಾನೆ. ಆಮೇಲೆ ಎರಡೂ ಕಡೆಯ ಹುಡುಗರು ಸೇರಿ ಸಣ್ಣದೊಂದು ಕುರುಕ್ಷೇತ್ರವೇ ಆಗಿದೆ. ಪಿ.ಟಿ. ಮೇಷ್ಟರು, "ಈ ವರ್ಷ ನೀನು ಟೀಮಿನಲ್ಲಿಲ್ಲ" ಎಂದುಬಿಟ್ಟಿದ್ದಾರೆ.

ಆಫೀಸಿನಿಂದ ಬಂದ ನನ್ನ ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಆ ಬೂಟು ಯಾರಿಗಾದರೂ ಕೊಟ್ಟುಬಿಡಿ. ಇನ್ನು ಜನ್ಮದಲ್ಲಿ ಇವನಿಗೆ ಫುಟ್‌ಬಾಲ್ ಬೇಡ" ಎಂದ.

ಅಪ್ಪ ಮಗನನ್ನು ಬಯ್ಯುವಾಗ ಅಜ್ಜ ನಡುವೆ ಬಾಯಿ ಹಾಕಬಾರದು. ಇದು ನನ್ನ ವಯಸ್ಸಿನವರಿಗೆಲ್ಲ ಗೊತ್ತಿರುವ ನಿಯಮ. ನಾನು ಸುಮ್ಮನೆ ಎದ್ದು ಹೋಗಿ ಆ ಎರಡು ಬೂಟುಗಳನ್ನು ಹುಡುಕಿ ತಂದೆ. ಮಣ್ಣು ತೊಳೆದು, ಒಣಗಿಸಿ, ನನ್ನ ಮಂಚದ ಕೆಳಗೆ ಇಟ್ಟುಕೊಂಡೆ.

ರಾತ್ರಿ ಹುಡುಗ ಎಂದಿನಂತೆ ನನ್ನ ಕೋಣೆಗೆ ಮಲಗಲು ಬಂದ. ಕಣ್ಣು ಕೆಂಪಾಗಿತ್ತು. "ತಾತ, ನಾನು ಕೆಟ್ಟವನಾ?" ಎಂದು ಕೇಳಿದ. ಇಂಥ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಗೆ ಉತ್ತರ ಹೇಳುವುದು? "ಬಲ್ಗೇರಿಯಾ ಎಲ್ಲಿದೆ ಹೇಳು" ಎಂದೆ. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದ.

"ಅಲ್ಲಿ ಹಾಗೆ ಅಲ್ಲಾಡಿಸಿದರೆ 'ಹೌದು' ಎಂದು ಅರ್ಥ! ಬೇಡ, ಇಲ್ಲ ಎನ್ನುವುದಕ್ಕೆ ನಾವು ಹೂಂಗುಟ್ಟುವ ಹಾಗೆ ತಲೆ ಮೇಲೆ ಕೆಳಗೆ ಆಡಿಸುತ್ತಾರೆ" ಎಂದೆ. ಹುಡುಗನ ಮುಖದಲ್ಲಿ ಮೊದಲ ಸಲ ಸ್ವಲ್ಪ ನಗು ಕಂಡಿತು. ಆಮೇಲೆ ನಾನು ಹೇಳಿದ ಕಥೆಯನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಇದು ಕಟ್ಟುಕಥೆಯಲ್ಲ, ನಡೆದದ್ದು.

ಬಲ್ಗೇರಿಯಾ ಯುರೋಪಿನ ಆಗ್ನೇಯ ಮೂಲೆಯಲ್ಲಿ, ಕಪ್ಪು ಸಮುದ್ರದ ದಂಡೆಯಲ್ಲಿರುವ ಸಣ್ಣ ದೇಶ. ಗುಲಾಬಿ ಎಣ್ಣೆಗೆ ಹೆಸರುವಾಸಿ. ನಮ್ಮ ಹಾಗೆ ಅವರಿಗೂ ಮೊಸರೆಂದರೆ ಪ್ರಾಣ. ಅವರ ರಾಜಧಾನಿ ಸೋಫಿಯಾದಲ್ಲಿ ಎರಡು ದೊಡ್ಡ ಫುಟ್‌ಬಾಲ್ ತಂಡಗಳಿವೆ. ಒಂದು ಲೆವ್ಸ್ಕಿ, 1914ರಲ್ಲಿ ಹುಟ್ಟಿದ್ದು. ಆ ದೇಶದ ಸ್ವಾತಂತ್ರ್ಯಕ್ಕಾಗಿ ಹೋರಾಡಿ 1873ರಲ್ಲಿ ಗಲ್ಲಿಗೇರಿದ ವಾಸಿಲ್ ಲೆವ್ಸ್ಕಿಯ ಹೆಸರು ಅದಕ್ಕೆ. ಇನ್ನೊಂದು ಸಿ.ಎಸ್.ಕೆ.ಎ., 1948ರಲ್ಲಿ ಹುಟ್ಟಿದ ಸೈನ್ಯದ ತಂಡ. ಕಮ್ಯುನಿಸ್ಟ್ ಆಳ್ವಿಕೆಯ ಆ ಕಾಲದಲ್ಲಿ ಲೆವ್ಸ್ಕಿ ತಂಡ ಪೊಲೀಸರನ್ನು ನೋಡಿಕೊಳ್ಳುವ ಒಳಾಡಳಿತ ಸಚಿವಾಲಯದ ಆಶ್ರಯದಲ್ಲಿತ್ತು. ಅಂದರೆ ಒಂದು ಕಡೆ ಸೈನ್ಯ, ಇನ್ನೊಂದು ಕಡೆ ಪೊಲೀಸ್. ಇವರಿಬ್ಬರೂ ಎದುರಾದರೆ ಊರೇ ಎರಡು ಭಾಗ.

1984–85ರ ಸಾಲಿನಲ್ಲಿ ಬಲ್ಗೇರಿಯಾದ ಮೊದಲ ದರ್ಜೆಯ ಲೀಗಿನಲ್ಲಿ 16 ತಂಡಗಳು ಆಡಿದವು. ಪ್ರತಿ ತಂಡಕ್ಕೂ 30 ಪಂದ್ಯ. ವರ್ಷವಿಡೀ ಆಡಿ ಲೆವ್ಸ್ಕಿ ಮೊದಲ ಸ್ಥಾನಕ್ಕೆ ಬಂತು. ಆದರೆ ಲೀಗಿನ ಜೊತೆಗೇ ನಡೆಯುವ ಕಪ್ ಟೂರ್ನಿಯ ಫೈನಲ್ ಬಾಕಿಯಿತ್ತು. 1985ರ ಜೂನ್ 19ರಂದು ಆ ಫೈನಲಿನಲ್ಲಿ ಮತ್ತೆ ಇವೇ ಎರಡು ತಂಡಗಳು ಎದುರುಬದುರಾದವು.

ಸಿ.ಎಸ್.ಕೆ.ಎ. 2–1ರಿಂದ ಗೆದ್ದಿತು. ಆದರೆ ಆ ದಿನದ ಗೋಲುಗಳು ಯಾರಿಗೂ ನೆನಪಿಲ್ಲ. ನೆನಪಿರುವುದು ಜಗಳ. ತೀರ್ಪುಗಾರರ ಮೇಲೆ ಕೂಗಾಟ, ಮೈದಾನದಲ್ಲೇ ಗುದ್ದಾಟ, ಪಂದ್ಯ ಮುಗಿದ ಮೇಲೂ ಕೈ ಕೈ ಮಿಲಾಯಿಸಿದ್ದು. ಸೈನ್ಯ, ಪೊಲೀಸರ ತಂಡಗಳೇ ಹೀಗೆ ಬಡಿದಾಡಿದರೆ ಸರ್ಕಾರ ಸುಮ್ಮನಿರುತ್ತದೆಯೇ?

ಆಳುವ ಪಕ್ಷದಿಂದಲೇ ಆಜ್ಞೆ ಹೊರಬಿತ್ತು. ಎರಡೂ ಕ್ಲಬ್ಬುಗಳು ವಿಸರ್ಜನೆ! ಅವುಗಳ ಜಾಗದಲ್ಲಿ ಹೊಸ ಹೆಸರಿನ ತಂಡಗಳು. ಲೆವ್ಸ್ಕಿ ಹೋಗಿ ವಿತೋಶಾ ಆಯಿತು, ಅದು ಸೋಫಿಯಾದ ಪಕ್ಕದಲ್ಲಿರುವ ಬೆಟ್ಟದ ಹೆಸರು. ಸಿ.ಎಸ್.ಕೆ.ಎ. ಹೋಗಿ ಸ್ರೇದೆತ್ಸ್ ಆಯಿತು, ಅದು ಸೋಫಿಯಾದ್ದೇ ಹಳೆಯ ಹೆಸರು. ವರ್ಷವಿಡೀ ಆಡಿ ಗಳಿಸಿದ ಲೀಗ್ ಪ್ರಶಸ್ತಿಯನ್ನು ಲೆವ್ಸ್ಕಿಯಿಂದ ಕಿತ್ತುಕೊಂಡರು. ಕೆಲವು ಆಟಗಾರರಿಗಂತೂ ಆಜೀವ ನಿಷೇಧ. ಅಂದರೆ ಬದುಕಿರುವ ತನಕ ಆಡುವಂತಿಲ್ಲ.

ಹಾಗೆ ಶಿಕ್ಷೆಯಾದವರಲ್ಲಿ ಇಬ್ಬರನ್ನು ನೆನಪಿಟ್ಟುಕೊಳ್ಳಿ. ಒಬ್ಬ ಲೆವ್ಸ್ಕಿಯ ಗೋಲ್‌ಕೀಪರ್ ಬೊರಿಸ್ಲಾವ್ ಮಿಹೈಲೊವ್. ಇನ್ನೊಬ್ಬ ಸಿ.ಎಸ್.ಕೆ.ಎ.ಯ ಹುಡುಗ ಹ್ರಿಸ್ಟೊ ಸ್ಟೋಯಿಚ್ಕೋವ್. ಪ್ಲೊವ್ಡಿವ್ ಎಂಬ ಊರಿನಲ್ಲಿ ಹುಟ್ಟಿದವನು, ರಾಜಧಾನಿಗೆ ಬಂದು ಒಂದು ವರ್ಷವಾಗಿತ್ತಷ್ಟೆ. ವಯಸ್ಸು ಬರೀ 19.

"19ಕ್ಕೇ ಮುಗಿದುಹೋಯ್ತಾ ತಾತ?" ಎಂದು ಮೊಮ್ಮಗ ಎದ್ದು ಕೂತ.

ಮುಗಿಯಲಿಲ್ಲ. ಕೋಪ ಇಳಿದ ಮೇಲೆ ಮೇಲಿದ್ದವರಿಗೂ ಯೋಚನೆ ಬಂದಿರಬೇಕು. ಒಂದು ವರ್ಷದೊಳಗೇ ನಿಷೇಧಗಳು ಸಡಿಲವಾದವು. 1986ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಬಲ್ಗೇರಿಯಾದ ಗೋಲು ಕಾಯಲು ನಿಂತವನು ಇದೇ ಮಿಹೈಲೊವ್. ಸ್ಟೋಯಿಚ್ಕೋವ್ ತನ್ನ ತಂಡಕ್ಕೆ ಮರಳಿ, 1989–90ರ ಒಂದೇ ಸಾಲಿನ ಲೀಗಿನಲ್ಲಿ 38 ಗೋಲು ಹೊಡೆದ. ಆ ವರ್ಷ ಯುರೋಪಿನ ಅತಿ ಹೆಚ್ಚು ಗೋಲುಗಳ ಬಹುಮಾನವನ್ನು ಮೆಕ್ಸಿಕೊದ ಹ್ಯೂಗೊ ಸ್ಯಾಂಚೆಜ್ ಜೊತೆ ಹಂಚಿಕೊಂಡ. ಮುಂದೆ ಸ್ಪೇನಿನ ಬಾರ್ಸಿಲೋನಾ ತಂಡ ಅವನನ್ನು ಕರೆಸಿಕೊಂಡಿತು. ಎರಡು ಕ್ಲಬ್ಬುಗಳಿಗೂ ಹಳೆಯ ಹೆಸರುಗಳು ಮರಳಿ ಬಂದವು. ಲೆವ್ಸ್ಕಿಯ ಆ ಪ್ರಶಸ್ತಿಯೂ ದಾಖಲೆ ಪುಸ್ತಕಕ್ಕೆ ವಾಪಸಾಯಿತು.

ಸ್ಟೋಯಿಚ್ಕೋವ್ ಸಾಧುವಾಗಿಬಿಟ್ಟ ಎಂದು ನಾನು ಸುಳ್ಳು ಹೇಳಲಾರೆ. ಬಾರ್ಸಿಲೋನಾಕ್ಕೆ ಹೋದ ಮೊದಲ ವರ್ಷವೇ ಸಿಟ್ಟಿನಲ್ಲಿ ರೆಫರಿಯ ಕಾಲು ತುಳಿದು ಮತ್ತೆ ನಿಷೇಧ ಅನುಭವಿಸಿದ. ಹುಟ್ಟುಗುಣ ಒಂದೇ ಶಿಕ್ಷೆಗೆ ಹೋಗುವುದಿಲ್ಲ. ಅದನ್ನು ದಿನದಿನವೂ ಹಿಡಿದು ನಿಲ್ಲಿಸಬೇಕು.

ಇನ್ನು ಕಥೆಯ ಮುಖ್ಯ ಭಾಗ. ಇದನ್ನು ನಾನೇ ಕಣ್ಣಾರೆ ಟಿ.ವಿ.ಯಲ್ಲಿ ನೋಡಿದ್ದು. ಆಗ ನಾನು ಹಾಸನದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. 1994ರ ವಿಶ್ವಕಪ್ ಅಮೆರಿಕದಲ್ಲಿ ನಡೆಯುತ್ತಿತ್ತು. ಅದಕ್ಕೆ ಮುಂಚೆ ಐದು ವಿಶ್ವಕಪ್ ಆಡಿದ್ದ ಬಲ್ಗೇರಿಯಾ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆ ಸಲ ಗ್ರೀಸನ್ನು 4–0ಯಿಂದ ಸೋಲಿಸಿತು. ಮೆಕ್ಸಿಕೊ ಜೊತೆಗಿನ ಪಂದ್ಯ ಪೆನಾಲ್ಟಿ ಒದೆತಗಳಿಗೆ ಹೋದಾಗ ನಾಯಕ ಮಿಹೈಲೊವ್ ಎರಡನ್ನು ತಡೆದ. ಜುಲೈ 10, ಭಾನುವಾರ ರಾತ್ರಿ, ಎದುರಿಗೆ ವಿಶ್ವ ಚಾಂಪಿಯನ್ ಜರ್ಮನಿ. ಮೊದಲು ಗೋಲು ಹೊಡೆದದ್ದು ಜರ್ಮನಿಯೇ. 75ನೇ ನಿಮಿಷದಲ್ಲಿ ಸ್ಟೋಯಿಚ್ಕೋವ್ ಎಡಗಾಲಿನಿಂದ ಒದ್ದ ಫ್ರೀ ಕಿಕ್, ಸಾಲಾಗಿ ನಿಂತವರ ತಲೆ ಮೇಲಿಂದ ಹಾರಿ ಬಲೆ ಸೇರಿತು. ಮೂರು ನಿಮಿಷದಲ್ಲಿ ಲೆಚ್ಕೋವ್ ತಲೆಯಿಂದ ಇನ್ನೊಂದು ಹೊಡೆದ. 2–1! ನಾನು ಕೂಗಿದ ಸದ್ದಿಗೆ ನಿಮ್ಮಜ್ಜಿ ಅಡುಗೆಮನೆಯಿಂದ ಓಡಿಬಂದಿದ್ದಳು.

ಬಲ್ಗೇರಿಯಾ ನಾಲ್ಕನೇ ಸ್ಥಾನ ಪಡೆಯಿತು. 6 ಗೋಲು ಹೊಡೆದ ಸ್ಟೋಯಿಚ್ಕೋವ್ ಅತಿ ಹೆಚ್ಚು ಗೋಲು ಹೊಡೆದ ಇಬ್ಬರಲ್ಲಿ ಒಬ್ಬನಾದ. ಅದೇ ವರ್ಷ ಯುರೋಪಿನ ಶ್ರೇಷ್ಠ ಆಟಗಾರನ ಗೌರವವೂ ಅವನಿಗೇ ಬಂತು. ಒಂಬತ್ತು ವರ್ಷದ ಹಿಂದೆ ಎದುರಾಳಿ ತಂಡಗಳಲ್ಲಿದ್ದು, ಒಂದೇ ಜಗಳಕ್ಕೆ ಆಜೀವ ನಿಷೇಧ ಹಾಕಿಸಿಕೊಂಡಿದ್ದ ಇಬ್ಬರು ಈಗ ಒಂದೇ ತಂಡದಲ್ಲಿದ್ದರು. 1985ರ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದರೆ ಆ ರಾತ್ರಿ ಇಬ್ಬರೂ ಅಲ್ಲಿರುತ್ತಿರಲಿಲ್ಲ.

ಮೊಮ್ಮಗ ಸುಮ್ಮನಿದ್ದ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಯಾರಿಗೂ ಹೇಳದ ಒಂದು ಮಾತು ಅಂದು ಬಾಯಿಗೆ ಬಂತು.

ಅದೇ ಎಂಬತ್ತರ ದಶಕದಲ್ಲಿ ನಮ್ಮ ಶಾಖೆಯಲ್ಲಿ ಒಬ್ಬ ಹುಡುಗ ತಾತ್ಕಾಲಿಕ ಜವಾನನಾಗಿದ್ದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಚುರುಕು, ಆದರೆ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಯಾರೋ ಗ್ರಾಹಕರು ಕೀಳಾಗಿ ಮಾತನಾಡಿದರೆಂದು ಅವರ ಕೊರಳಪಟ್ಟಿ ಹಿಡಿದುಬಿಟ್ಟ. ಮ್ಯಾನೇಜರು ನನ್ನನ್ನು ಕರೆದು, "ಏನು ಮಾಡೋಣ? ಎಚ್ಚರಿಕೆ ಕೊಟ್ಟು ಇಟ್ಟುಕೊಳ್ಳೋಣವೇ?" ಎಂದು ಕೇಳಿದರು. "ಇಂಥವರನ್ನು ಇಟ್ಟುಕೊಳ್ಳಬಾರದು ಸಾರ್" ಎಂದೆ ನಾನು. ಲೆಕ್ಕ ಬರೆದಷ್ಟೇ ಸಲೀಸಾಗಿ ಹೇಳಿದೆ. ಮಾರನೆಯ ದಿನದಿಂದ ಅವನು ಬರಲಿಲ್ಲ. ಏನಾದನೋ ಇವತ್ತಿಗೂ ತಿಳಿಯದು. ಜರ್ಮನಿಯ ಪಂದ್ಯ ನೋಡಿದ ಆ ರಾತ್ರಿ ನನಗೆ ಇದೇನೂ ನೆನಪಾಗಲಿಲ್ಲ. ನಿವೃತ್ತನಾದ ಮೇಲೆ ಬಲ್ಗೇರಿಯಾದ ಈ ಹಳೆಯ ಸಂಗತಿ ಓದಿದಾಗ, ಸ್ಟೋಯಿಚ್ಕೋವ್‌ನ ಮುಖಕ್ಕಿಂತ ಮೊದಲು ಆ ಹುಡುಗನ ಮುಖ ಕಣ್ಣೆದುರು ಬಂತು.

"ನೀನು ಮಾಡಿದ್ದು ತಪ್ಪೇ ತಾತ" ಎಂದ ಮೊಮ್ಮಗ. ಹೌದು ಮರೀ, ತಪ್ಪೇ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ನಾನು ತಳ್ಳಿದ್ದೂ ತಪ್ಪು" ಎಂದ.

ಮರುದಿನ ಕಾಫಿ ಕುಡಿಯುವಾಗ ಮಗನ ಹತ್ತಿರ ಮಾತು ತೆಗೆದೆ. "ಮೇಷ್ಟರು ಕೊಟ್ಟ ಶಿಕ್ಷೆ ಸರಿಯಾಗಿಯೇ ಇದೆ. ಹುಡುಗ ಅನುಭವಿಸಲಿ. ಆದರೆ ಎಷ್ಟು ದೊಡ್ಡ ಸಾಲಕ್ಕೂ ನಾವು ಬ್ಯಾಂಕಿನಲ್ಲಿ ಕೊನೆಯ ಕಂತಿನ ತಾರೀಕು ಬರೆಯುತ್ತಿದ್ದೆವಪ್ಪ. ತಾರೀಕಿಲ್ಲದ ಸಾಲವನ್ನು ಯಾರೂ ತೀರಿಸಲಾರರು" ಎಂದೆ. ಮಗ ಉತ್ತರ ಕೊಡಲಿಲ್ಲ, ಲೋಟ ಕೆಳಗಿಟ್ಟು ಮಗನನ್ನು ಕರೆದ.

ಅಪ್ಪ ಮಗ ಇಬ್ಬರೂ ಆ ಇನ್ನೊಂದು ಹುಡುಗನ ಮನೆಗೆ ಹೋಗಿಬಂದರು. ಅವನ ಮೊಣಕೈ ವಾಸಿಯಾಗುತ್ತಿತ್ತಂತೆ. ಅವರ ಅಮ್ಮ ಇಬ್ಬರಿಗೂ ಚಕ್ಕುಲಿ ಕೊಟ್ಟರಂತೆ. ಈ ವರ್ಷವೆಲ್ಲ ನನ್ನ ಮೊಮ್ಮಗ ಮೈದಾನದ ಅಂಚಿನಲ್ಲಿ ನಿಂತು ತಂಡದವರಿಗೆ ನೀರಿನ ಬಾಟಲಿ ಕೊಡುತ್ತಿದ್ದಾನೆ. ಬರುವ ಜೂನ್‌ಗೆ ಅವನ ಶಿಕ್ಷೆ ಮುಗಿಯುತ್ತದೆ. ಬೂಟು ಇನ್ನೂ ನನ್ನ ಮಂಚದ ಕೆಳಗೇ ಇದೆ. ಅಷ್ಟರಲ್ಲಿ ಕಾಲು ಬೆಳೆದು ಅದು ಬಿಗಿಯಾದೀತು ಎಂಬುದೊಂದೇ ನನ್ನ ಚಿಂತೆ.

ಅವತ್ತು ಹೊರಡುವ ಮುನ್ನ ಮಗ ಬಾಗಿಲಲ್ಲಿ ನಿಂತು, "ಇನ್ನೊಂದು ಸಲ ಹೀಗೆ ಮಾಡುತ್ತೀಯೇನೋ?" ಎಂದು ಕೇಳಿದ. ಹುಡುಗ ಜೋರಾಗಿ ತಲೆ ಅಲ್ಲಾಡಿಸಿದ.

"ಇದು ನಮ್ಮೂರಿನದೋ, ಬಲ್ಗೇರಿಯಾದ್ದೋ?" ಎಂದೆ ನಾನು.

"ನಮ್ಮೂರಿನದೇ ತಾತ!" ಎಂದು ನಗುತ್ತ ಚಪ್ಪಲಿ ಮೆಟ್ಟಿಕೊಂಡು ಓಡಿದ.